ಹೆಬ್ಬೆರಳಿಗೆ ಹೊಸ ಕೀಲು

ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಉಗುರು ಕತ್ತರಿಸುತ್ತ ಅವಳು ಗಂಡನ ಹೆಬ್ಬೆರಳಿನ ತನಕ ಬಂದಿದ್ದಳು. ಬೋಗುಣಿಯ ಬಿಸಿನೀರಿನಲ್ಲಿ ನೆನೆದ ಪಾದ ಬಿಳಿಚಿಕೊಂಡು ಅವಳ ಮಂಡಿಯ ಮೇಲೆ ಕೂತಿತ್ತು. ಹೆಬ್ಬೆರಳು ಪಾದಕ್ಕೆ ಸೇರುವ ಗೆಣ್ಣಿನ ಮೇಲೆ ಗೋಲಿಯಷ್ಟು ಮೂಳೆ ಉಬ್ಬಿಕೊಂಡು, ಮೇಲಿನ ಚರ್ಮ ಕೆಂಪಗೆ ಮಿರುಗುತ್ತಿತ್ತು. ಅದಕ್ಕೆ ತಾಗದ ಹಾಗೆ ಉಗುರು ಹಿಡಿಯುವುದೇ ಒಂದು ವಿದ್ಯೆ.

ತಾಗಿತು.

“ಅಯ್ಯಯ್ಯೋ! ಮೆಲ್ಲಗೆ ಕಣೇ! ಕುರಿ ಕಾಲು ಅಂದ್ಕೊಂಡ್ಯಾ?”

“ಕುರಿ ಆಗಿದ್ರೆ ಇಷ್ಟು ಅರಚ್ತಿರ್ಲಿಲ್ಲ ಬಿಡು,” ಎಂದಳು ಅತ್ತೆ. ಅವಳು ಕಿಟಕಿಯ ಹತ್ತಿರ ಕೂತು ಹಳೇ ಬಟ್ಟೆ ಹರಿಯುತ್ತಿದ್ದಳು. ಸಾಣೆ ಹಿಡಿದ ಅಲಗುಗಳನ್ನು ಒರೆಸಲು ಚಿಂದಿ ಮಾಡಿಕೊಡುವುದು ಆ ಮನೆಯಲ್ಲಿ ಅವಳ ಪಾಲಿನ ಕೆಲಸ.

“ನೀನು ಸುಮ್ನಿರಮ್ಮ,” ಎಂದು ತಾಯಿಯ ಬಾಯಿ ಮುಚ್ಚಿಸಿ ಅವನು ಹೆಂಡತಿಯ ಕಡೆ ತಿರುಗಿದ. “ಆಸ್ಪತ್ರೆಯಿಂದ ಕಾಗದ ಬಂತೇನೇ?”

“ಇಲ್ಲ.”

“ಇನ್ನೂ ಇಲ್ವಾ? ಆ ಡಾಕ್ಟ್ರಮ್ಮ ಬೇಗ ಬರೀತೀನಿ ಅಂದಿದ್ಳಲ್ಲ.”

“ನಿಮ್ಮಂಥ ಎಷ್ಟು ಹೆಬ್ಬೆರಳು ಸಾಲಲ್ಲಿ ನಿಂತಿವೆಯೋ, ಯಾರಿಗೆ ಗೊತ್ತು.”

ಕಾಗದ ಬಂದು ಬಹಳ ಕಾಲವಾಗಿತ್ತು. ಅದು ತುಕ್ಕು ತೆಗೆಯುವ ಉಜ್ಜುಕಾಗದದ ಡಬ್ಬಿಯ ತಳದಲ್ಲಿತ್ತು. ಅವನಿಗೆ ಓದು ಬಾರದು. ಮನೆಗೆ ಬಂದ ಕಾಗದ ಓದುವವಳೂ ಅವಳೇ, ಉತ್ತರ ಬರೆಯುವವಳೂ ಅವಳೇ. ಆಸ್ಪತ್ರೆಯವರು ಕೇಳಿದ್ದು ಇಷ್ಟೇ: ಆಪರೇಷನ್ನಿಗೆ ರೋಗಿ ಒಪ್ಪಿದ್ದಾನೆಯೇ, ಎರಡು ವಿಧದಲ್ಲಿ ಯಾವುದು ಬೇಕು, ಆಮೇಲೆ ಮನೆಯಲ್ಲಿ ನೋಡಿಕೊಳ್ಳುವವರು ಯಾರು. ಉತ್ತರ ಬಂದ ಮೇಲೆ ದಿನ ಗೊತ್ತುಮಾಡುತ್ತೇವೆ ಎಂದಿದ್ದರು. ಅವಳು ಉತ್ತರ ಬರೆದೂ ಆಗಿತ್ತು, ಆಸ್ಪತ್ರೆಯವರೇ ಕಳಿಸಿದ್ದ ಲಕೋಟೆಗೆ ಹಾಕಿ ಅಂಟಿಸಿಯೂ ಆಗಿತ್ತು. ಅಂಚೆಗೆ ಹಾಕುವುದಕ್ಕೆ ಮಾತ್ರ ಕೈ ಬಂದಿರಲಿಲ್ಲ.

ಏಕೆಂದರೆ ಆ ಕಾಲು ಅವನಿಗೆ ಗೊತ್ತಿದ್ದದ್ದಕ್ಕಿಂತ ಅವಳಿಗೆ ಹೆಚ್ಚು ಗೊತ್ತಿತ್ತು.

ಸಾಣೆ ಹಿಡಿಯುವವರು ಕೈಯನ್ನು ಕಣ್ಣಿನ ಹಾಗೆ ಕಾಪಾಡಿಕೊಳ್ಳುವ ಜನ. ಬೆರಳ ತುದಿಯಲ್ಲೇ ಅಲಗಿನ ಹದ ತಿಳಿಯಬೇಕು. ಒಂದು ಬೆರಳು ಊದಿಕೊಂಡರೂ ಆ ದಿನದ ಕೆಲಸ ಕೆಟ್ಟಂತೆ. ಅದಕ್ಕೇ ಆ ಕಸುಬಿನ ಗಂಡಸರು ಯಾರ ಮೇಲೂ ಕೈ ಎತ್ತುವುದಿಲ್ಲ. “ಕೈ ಕೆಲಸಕ್ಕೆ, ಕಾಲು ಹೆಂಡ್ತಿಗೆ,” ಎಂದು ಅವರಲ್ಲೊಂದು ಮಾತೇ ಇತ್ತು. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಅದನ್ನು ತಮಾಷೆ ಅಂದುಕೊಂಡು ನಕ್ಕಿದ್ದಳು. ಅವನು ಬಲಗಾಲಿನಲ್ಲಿ ಒದೆಯುತ್ತಿದ್ದ. ಬರಿಗಾಲು, ಹೆಬ್ಬೆರಳು ಮುಂದೆ. ಮೊದಲು ಮೊಣಕಾಲ ಕೆಳಗಿನ ಎಲುಬಿಗೆ, ಅವಳು ಬಗ್ಗಿದರೆ ಪಕ್ಕೆಗೆ, ಬಿದ್ದರೆ ಎಲ್ಲಿ ಸಿಕ್ಕಿದರೆ ಅಲ್ಲಿಗೆ. ಪಕ್ಕೆಯ ಮೂಳೆ ಮುರಿದು ಅಡ್ಡಾದಿಡ್ಡಿ ಕೂಡಿಕೊಂಡದ್ದು ಈಗಲೂ ಕೈಗೆ ಸಿಗುತ್ತಿತ್ತು. ಹೊಟ್ಟೆಯಲ್ಲಿದ್ದ ಕೂಸು ಹೋದದ್ದೂ ಆ ಹೆಬ್ಬೆರಳಿನಿಂದಲೇ. ಅವತ್ತು ನೆಲ ತೊಳೆದವಳು ಅತ್ತೆ. ತೊಳೆಯುತ್ತ ಒಂದೇ ಮಾತಂದಿದ್ದಳು: “ನನಗೂ ಇದೇ ಜಾಗದಲ್ಲಿ ಕಣೇ, ಇವನಪ್ಪ.” ಆಮೇಲೆ ಕೂಸು ನಿಲ್ಲಲಿಲ್ಲ.

ಹೀಗೆ ಒದೆಯುತ್ತ ಒದೆಯುತ್ತ, ಸಾಣೆಯ ಚಕ್ರ ತಿರುಗಿಸುವ ಹಲಗೆ ತುಳಿಯುತ್ತ ತುಳಿಯುತ್ತ, ಕೊನೆಗೆ ಆ ಗೆಣ್ಣು ಹಿಡಿದುಕೊಂಡಿತು. ಮೊದಲು ಬೆಳಿಗ್ಗೆ ಮಾತ್ರ ಬಾಗುತ್ತಿರಲಿಲ್ಲ. ಕ್ರಮೇಣ ಯಾವಾಗಲೂ ಬಾಗದಾಯಿತು. ಒಂದು ದಿನ ಅವಳ ತೊಡೆಗೆ ಒದ್ದವನು ತಾನೇ ಕಾಲು ಹಿಡಿದುಕೊಂಡು ನೆಲದ ಮೇಲೆ ಉರುಳಾಡಿದ. ಅದೇ ಕೊನೆಯ ಒದೆ. ಅಂದಿನಿಂದ ಮನೆ ತಣ್ಣಗಾಯಿತು. ಸಾಣೆಯ ಚಕ್ರ ತುಳಿಯುವ ಕೆಲಸ ಅವಳಿಗೆ ಬಂತು. ಅವನು ಪಕ್ಕದ ಸ್ಟೂಲಿನ ಮೇಲೆ ಕೂತು ಅಲಗಿನ ಹದ ನೋಡುತ್ತ ಬೈಯುತ್ತಿದ್ದ. ಬೈಗುಳ ಮೈಗೆ ಅಂಟುತ್ತದೆಯೇ? ಅವಳು ಮಗ್ಗುಲು ಬದಲಿಸದೆ ನಿದ್ದೆ ಮಾಡುವುದನ್ನು ಕಲಿತಳು.

ಡಾಕ್ಟರಮ್ಮನ ಹತ್ತಿರ ಹೋದದ್ದು ಅವನ ಹಟಕ್ಕೆ. ಗೋಡೆಯ ಮೇಲಿನ ಬೆಳಕಿನ ಹಲಗೆಗೆ ಎಕ್ಸ್‌ರೇ ಸಿಕ್ಕಿಸಿ ಡಾಕ್ಟರಮ್ಮ ಪೆನ್ನಿನಿಂದ ತೋರಿಸಿದಳು.

“ಇಲ್ನೋಡಿ. ಈ ಎರಡು ಮೂಳೆ ಮಧ್ಯೆ ಮೆತ್ತನೆ ಪದರ ಇರ್ಬೇಕು. ನಿಮ್ಮದ್ರಲ್ಲಿ ಪೂರ್ತಿ ಸವೆದುಹೋಗಿದೆ. ಮೂಳೆಗೆ ಮೂಳೆ ಉಜ್ಜಾಡ್ತಿದೆ.”

“ಸಾಣೆ ಹಿಡಿದ ಹಾಗೆ ಅನ್ನಿ.”

“ಹಾಗೇ. ಆದ್ರೆ ಹರಿತ ಆಗ್ತಿಲ್ಲ, ಹಾಳಾಗ್ತಿದೆ.” ಡಾಕ್ಟರಮ್ಮ ನಕ್ಕಳು. “ಬೆರಳಿಗೆ ಮತ್ತೆ ಮತ್ತೆ ಪೆಟ್ಟು ಬಿದ್ದಿರೋ ಹಾಗಿದೆ. ಚಿಕ್ಕೋರಿದ್ದಾಗ ಫುಟ್‌ಬಾಲ್ ಆಡ್ತಿದ್ರಾ?”

ಅವನು ಹೆಂಡತಿಯ ಕಡೆ ತಿರುಗಿ ಹಲ್ಲು ಬಿಟ್ಟ. “ಹೇಳೇ, ಆಡ್ತಿದ್ನಾ?”

“ಆಡ್ತಿದ್ರು,” ಎಂದಳು ಅವಳು. “ತುಂಬಾ ಚೆನ್ನಾಗಿ ಆಡ್ತಿದ್ರು.”

ಡಾಕ್ಟರಮ್ಮ ಅದನ್ನು ಬರೆದುಕೊಂಡು ಎರಡು ದಾರಿ ಹೇಳಿದಳು. ಒಂದು, ಎರಡೂ ಮೂಳೆಯ ತುದಿ ಕೊಯ್ದು, ಸ್ಕ್ರೂ ಹಾಕಿ ಬೆಸೆದುಬಿಡುವುದು. ನೋವು ಹೋಗುತ್ತದೆ, ಬೆರಳು ಮಾತ್ರ ಇನ್ನೆಂದೂ ಬಾಗದು. ಎರಡನೆಯದು, ಸವೆದ ತುದಿಗಳನ್ನು ಗರಗಸದಿಂದ ತೆಗೆದು, ಮೂಳೆಯೊಳಗೆ ತೂತು ಕೊರೆದು, ಕೃತಕ ಕೀಲು ಕೂರಿಸುವುದು. ಮೇಜಿನ ಡ್ರಾಯರಿನಿಂದ ಅಂಥದೊಂದು ಕೀಲು ತೆಗೆದು ಅವನ ಅಂಗೈಗೆ ಹಾಕಿದಳು. ಬಿಳಿಯದು, ಬಟನ್ನಿಗಿಂತ ಸ್ವಲ್ಪ ದೊಡ್ಡದು. ಅವನು ಅದನ್ನು ಎರಡು ಬೆರಳಿನ ನಡುವೆ ಬಾಗಿಸಿದ, ಬಿಟ್ಟ. ಅದು ನೆಟ್ಟಗಾಯಿತು. ಮತ್ತೆ ಬಾಗಿಸಿದ. ಮಗುವಿಗೆ ಆಟಿಕೆ ಸಿಕ್ಕ ಹಾಗೆ ಅವನ ಮುಖ ಅರಳಿತು.

“ಇದೇ ಇರ್ಲಿ. ಹಲಗೆ ತುಳೀಬಹುದಾ?”

“ಧಾರಾಳವಾಗಿ.”

“ಒದ್ರೆ ಮುರಿಯಲ್ವಾ?”

“ಈ ವಯಸ್ಸಲ್ಲಿ ಯಾರನ್ನ ಒದೀತೀರ ಮಾರಾಯ್ರೇ?” ಎಂದು ಡಾಕ್ಟರಮ್ಮ ಜೋರಾಗಿ ನಕ್ಕಳು. ಅವನೂ ನಕ್ಕ. ಹೆಂಡತಿ ತನ್ನ ಚೀಲದ ಹಿಡಿಯನ್ನು ನೋಡುತ್ತ ಕೂತಿದ್ದಳು.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದಾಗ ಮುದುಕಿ ಬಹಳ ಹೊತ್ತು ಚಿಂದಿ ಹರಿದಳು. ಆಮೇಲೆ ಸೊಸೆಗೆ ಮಾತ್ರ ಕೇಳುವ ಹಾಗೆ, “ಬೆಸೆದ್ರೆ ಸಲಾಕೆ, ಕೀಲು ಹಾಕಿದ್ರೆ ಚಾಟಿ. ನಿನಗೆ ಯಾವುದು ಬೇಕು ನೋಡ್ಕೋ,” ಎಂದಳು.

“ಹಾಗಾದ್ರೆ ಹೀಗೇ ಇರ್ಲಿ ಬಿಡಿ ಅತ್ತೆ.”

“ಹೆತ್ತ ಹೊಟ್ಟೆ ಕಣೇ ನಂದು. ಅವನು ನರಳೋದು ಕೇಳಿಸ್ಕೊಂಡು ಹೀಗೇ ಇರ್ಲಿ ಅಂತ ನಾನು ಹೇಗೆ ಅನ್ಲಿ?” ಇನ್ನೊಂದು ಚಿಂದಿ ಹರಿದು ಸೇರಿಸಿದಳು: “ಹಾಗಂತ ಬೇಡ ಅಂತ್ಲೂ ಅನ್ಲಿಲ್ಲ ನೋಡು.”

ಕಾಗದ ಬಂದದ್ದು ಅದಾದ ಮೇಲೆ.

ಉಗುರು ಕತ್ತರಿಸಿದ ಆ ದಿನದಿಂದಾಚೆ, ತಣ್ಣಗಿದ್ದ ಮನೆ ಹಾಗೇ ಉಳಿಯಲಿಲ್ಲ. ಕೂತಲ್ಲೇ ಕೂತ ಗಂಡಸಿಗೆ ನೋವು ಒಂದು ಕಡೆ; ಹೆಂಡತಿ ಚಕ್ರ ತುಳಿಯುವುದನ್ನು ಬೀದಿಯವರೆಲ್ಲ ನೋಡುವ ಉರಿ ಇನ್ನೊಂದು ಕಡೆ. ಒಂದು ಮಧ್ಯಾಹ್ನ ದರ್ಜಿಯವನೊಬ್ಬ ಕತ್ತರಿ ತೆಗೆದುಕೊಂಡು ಹೋಗುವಾಗ, “ಯಜಮಾನ್ರಿಗಿಂತ ಅಮ್ಮನ ಸಾಣೇನೇ ಚೆನ್ನ,” ಅಂದುಬಿಟ್ಟ. ಅವನು ಬಾಗಿಲು ದಾಟುವ ತನಕ ಸಾಣೆಯವನು ಕಾದ. ಅವಳು ಬಿದ್ದ ಚಿಂದಿ ಎತ್ತಲು ಬಗ್ಗಿದಳು. ಜೀವಮಾನದಲ್ಲಿ ಮೊದಲ ಸಲ ಅವನ ಕೈ ಬಂತು. ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ಅವಳ ಹಣೆಯನ್ನು ಸಾಣೆಯ ಚೌಕಟ್ಟಿಗೆ ಬಡಿದ. ಇನ್ನೊಮ್ಮೆ ಬಡಿದ. ಹುಬ್ಬು ಒಡೆದು ಕಣ್ಣಿಗೆ ರಕ್ತ ಇಳಿಯಿತು. ಮೂರನೆಯ ಸಲಕ್ಕೆ ಎಳೆದಾಗ ಅವಳ ಹಿಮ್ಮಡಿ ತಾನಾಗಿಯೇ ಮೇಲೆದ್ದು ಅವನ ಹೆಬ್ಬೆರಳಿನ ಗೆಣ್ಣಿನ ಮೇಲೆ ಇಳಿಯಿತು.

ಅಂಥ ಸದ್ದನ್ನು ಅವಳು ಮನುಷ್ಯನ ಗಂಟಲಿನಿಂದ ಕೇಳಿರಲಿಲ್ಲ. ಜಡೆ ಬಿಟ್ಟುಹೋಯಿತು. ಅವನು ಸ್ಟೂಲಿನಿಂದ ಜಾರಿ, ಬಾಯಿ ತೆರೆದುಕೊಂಡು, ಉಸಿರು ಸಿಗದೆ ನೆಲದ ಮೇಲೆ ಮುದುಡಿದ. ಅವಳು ರಕ್ತ ಒರೆಸಿಕೊಳ್ಳುವುದನ್ನೂ ಮರೆತು ನಿಂತು ನೋಡಿದಳು. ಬಿಸಿಲಲ್ಲಿ ನಡೆದುಬಂದವಳಿಗೆ ತಣ್ಣೀರು ಕೊಟ್ಟ ಹಾಗಿತ್ತು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಮಾತು ನಡೆದದ್ದು ಕಾಲಿನಿಂದ. ಅವನು ದನಿ ಎತ್ತಿದರೆ ಅವಳು ಬಾಯಿ ತೆರೆಯುತ್ತಿರಲಿಲ್ಲ, ಸುಮ್ಮನೆ ಅವನ ಪಾದದ ಕಡೆ ನೋಡುತ್ತಿದ್ದಳು. ನಾಯಿ ಬಾಲ ಮಡಚಿಕೊಂಡಂತೆ ಅವನು ಪಾದವನ್ನು ಸ್ಟೂಲಿನ ಕೆಳಗೆ ಎಳೆದುಕೊಳ್ಳುತ್ತಿದ್ದ. ಚಕ್ರ ತುಳಿದು ತುಳಿದು ಅವಳ ಕಾಲು ಕಬ್ಬಿಣವಾಗಿತ್ತು. ಮೊದಮೊದಲು ಅವನು ಕೈ ಮಾಡಿದಾಗ ಮಾತ್ರ ತುಳಿದಳು. ಆಮೇಲೆ ಬೈದಾಗಲೂ. ಆಮೇಲೆ, ಚಹಾ ಆರಿಹೋಗಿದೆ ಅಂದದ್ದಕ್ಕೆ ಇನ್ನೊಂದು ಸ್ಟೂಲನ್ನು ಸರಿಸುವ ನೆಪದಲ್ಲಿ ಅದರ ಕಾಲನ್ನು ಅವನ ಬೆರಳಿನ ಮೇಲೆ ಇಟ್ಟು ಕೂತಳು.

“ಅಯ್ಯೋ, ಕಾಣ್ಲಿಲ್ಲ ರೀ.”

ಅವನ ಕಣ್ಣಲ್ಲಿ ನೀರು ಬಂತು. ಅತ್ತೆ ಕಿಟಕಿಯ ಹತ್ತಿರದಿಂದ ನೋಡಿದಳು. ಲಕೋಟೆ ಡಬ್ಬಿಯಲ್ಲೇ ಇತ್ತು. ಈಗ ಅದನ್ನು ಹಾಕದೆ ಇರಲು ಹೆದರಿಕೆಯೊಂದೇ ಕಾರಣವಾಗಿ ಉಳಿದಿರಲಿಲ್ಲ.

ಡಬ್ಬಿಯನ್ನು ಅವನೇ ತೆರೆದ. ತುಕ್ಕು ಹಿಡಿದ ಚೂರಿಯೊಂದಕ್ಕೆ ಉಜ್ಜುಕಾಗದ ಬೇಕಾಗಿತ್ತು. ಹೆಂಡತಿಯನ್ನು ಕೂಗಲು ಮನಸ್ಸಾಗದೆ ಗೋಡೆ ಹಿಡಿದುಕೊಂಡು ಕುಂಟುತ್ತ ಹೋಗಿದ್ದ. ಓದು ಬಾರದಿದ್ದರೇನು, ಆಸ್ಪತ್ರೆಯ ಲಕೋಟೆಯ ಮೇಲೆ ಅಚ್ಚು ಹಾಕಿದ್ದ ಪಾದದ ಚಿತ್ರ ಅವನಿಗೂ ಗೊತ್ತು. ಒಂದು ತೆರೆದದ್ದು, ಒಂದು ಅಂಟಿಸಿದ್ದು. ಎರಡನ್ನೂ ಹಿಡಿದುಕೊಂಡು ಮನೆಯ ಮುಂಭಾಗದ ಅಂಗಡಿಗೆ ಬಂದ.

ಅವಳು ಚಕ್ರದ ಮುಂದೆ ಮಾಂಸದಂಗಡಿಯವನ ಉದ್ದನೆಯ ಚೂರಿಗೆ ಸಾಣೆ ಮುಗಿಸುತ್ತಿದ್ದಳು. ಕಿಡಿ ಹಾರುತ್ತಿತ್ತು.

“ಇದೇನೇ?”

ಅವಳು ತಲೆಯೆತ್ತಿದಳು. ಹಲಗೆಯ ಮೇಲಿನ ಕಾಲು ನಿಂತಿತು. ಚಕ್ರ ಮಾತ್ರ ತನ್ನ ಪಾಡಿಗೆ ತಿರುಗುತ್ತಿತ್ತು.

“ಯಾವಾಗ ಬಂತು ಇದು? ನಾನು ದಿನಾ ಕೇಳ್ತಿದ್ನಲ್ಲೇ! ದಿನಾ ನಾಯಿ ಹಾಗೆ ನಿನ್ನ ಮುಖ ನೋಡ್ತಿದ್ನಲ್ಲೇ!”

“ಬಂತು.”

“ಉತ್ತರ ಯಾಕೆ ಹಾಕ್ಲಿಲ್ಲ?”

“ನಿಮ್ಮ ಕಾಲಿಗೆ ಮಾತ್ರ ನೋವಾಗುತ್ತೆ ಅಂದ್ಕೊಂಡಿದ್ದೀರಾ?”

ಅವನು ಕಾಗದ ಕೆಳಗೆ ಹಾಕಿ ಕೈ ಚಾಚಿದ. ಮುಖದಲ್ಲಿ ಏನೂ ಇರಲಿಲ್ಲ. ದನಿ, ಹದ ನೋಡಲು ಅಲಗು ಕೇಳುವ ಅದೇ ಅಂಗಡಿಯ ದನಿ. “ಕೊಡು ಇಲ್ಲಿ.”

ಸಾಣೆಯಂಗಡಿಯಲ್ಲಿ ಅಲಗನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೇಳಿದವರ ಕಡೆಗೆ ಹಿಡಿ ತಿರುಗಿಸಿ ಮೇಜಿನ ಮೇಲೆ ಇಡಬೇಕು, ಅವರು ಎತ್ತಿಕೊಳ್ಳಬೇಕು. ಮದುವೆಯಾಗಿ ಬಂದಾಗಿನಿಂದ ಅವಳು ಸಾವಿರಾರು ಸಲ ಹಾಗೆ ಇಟ್ಟಿದ್ದಳು. ಬುದ್ಧಿ ಬೇಡ ಅನ್ನುವ ಮೊದಲೇ ಕೈ ತನ್ನ ಕೆಲಸ ಮಾಡಿ ಮುಗಿಸಿತ್ತು. ಅಷ್ಟು ಹರಿತವಾದ ಚೂರಿಯನ್ನು, ತನ್ನನ್ನು ಕಾಯಬಹುದಾಗಿದ್ದ ಚೂರಿಯನ್ನು, ಅವಳು ಅಚ್ಚುಕಟ್ಟಾಗಿ ಹಿಡಿ ಅವನ ಕಡೆಗೆ ಮಾಡಿ ಮೇಜಿನ ಮೇಲಿಟ್ಟಳು.

ಅವನು ಎತ್ತಿಕೊಂಡ.

ಮೊದಲ ಬೀಸು ಗಾಳಿಗೆ ಹೋಯಿತು. ಎರಡನೆಯದಕ್ಕೆ ಅವಳು ತೋಳು ಅಡ್ಡ ಹಿಡಿದಳು. ತಾನೇ ಹಿಡಿದ ಸಾಣೆ. ತೋಳು ಮೊಣಕೈಯಿಂದ ಮಣಿಕಟ್ಟಿನ ತನಕ ಬಾಯಿ ಬಿಟ್ಟುಕೊಂಡಿತು. ನೋವು ಆಮೇಲೆ ಬಂತು, ಮೊದಲು ಬಂದದ್ದು ಬಿಸಿ. ಮೂರನೆಯ ಬೀಸಿಗೆ ಅವನು ಮುಂದೆ ಹೆಜ್ಜೆ ಇಡಲೇಬೇಕಾಗಿತ್ತು. ಬಲಗಾಲು ಊರಿದ. ಅವಳು ಅದಕ್ಕೇ ಕಾದಿದ್ದವಳ ಹಾಗೆ ಇಡೀ ಮೈಯ ಭಾರ ಹಾಕಿ ತುಳಿದಳು.

ಅವನು ಬಿದ್ದ. ಚೂರಿ ನೆಲದ ಮೇಲೆ ಜಾರಿ ಬಾಗಿಲ ತನಕ ಹೋಯಿತು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅವಳು ಮೇಜಿನ ಅಂಚು ಹಿಡಿದುಕೊಂಡು, ಚಕ್ರ ತುಳಿಯುವ ಲಯದಲ್ಲೇ, ಅದೇ ಗೆಣ್ಣಿನ ಮೇಲೆ ಮತ್ತೆ ತುಳಿದಳು. ಒಂದು ತನ್ನ ಮುರಿದ ಪಕ್ಕೆಯ ಲೆಕ್ಕಕ್ಕೆ. ಒಂದು ತೊಡೆಗೆ. ಒಂದು ಕೂಸಿಗೆ. ಅವನು ಮೊದಲು ಬೈದ, ಆಮೇಲೆ ಬೇಡಿಕೊಂಡ, ಆಮೇಲೆ ಅಮ್ಮಾ ಅಂದ. ತೋಳಿನ ರಕ್ತ ಅವಳ ಬಟ್ಟೆಯಿಂದ ಅವನ ಪಾದಕ್ಕೆ ತೊಟ್ಟಿಕ್ಕುತ್ತಿತ್ತು. ಪಾದ ಜಾರಿದರೆ ಹುಡುಕಿ ತುಳಿದಳು.

“ಸಾಕು ಬಿಡೇ! ಸಾಯ್ತಾನೆ ಬಿಡೇ!”

ಅತ್ತೆ ಎಲ್ಲಿಂದ ಬಂದಳೋ, ಮಗನ ಕಾಲಿನ ಮೇಲೆ ಕವುಚಿ ಬಿದ್ದು ಎರಡೂ ಕೈಯಿಂದ ಆ ಬೆರಳನ್ನು ಮುಚ್ಚಿಕೊಂಡಳು. ಎತ್ತಿದ ಹಿಮ್ಮಡಿ ಇಳಿದಾಗಿತ್ತು. ಒಣಕಡ್ಡಿ ಮುರಿದಂಥ ಸಣ್ಣ ಸದ್ದು.

ಮುದುಕಿ ಕಿರುಚಲಿಲ್ಲ. ಕೈಯನ್ನು ಎದೆಗೆ ಒತ್ತಿಕೊಂಡು, ತಲೆಯೆತ್ತಿ ಸೊಸೆಯನ್ನು ನೋಡಿದಳು.

“ನಿನ್ನ ಕಾಲೂ ಕಲಿತುಬಿಡ್ತಲ್ಲೇ,” ಎಂದಳು.

ಬೀದಿಯ ಕೊನೆಯಲ್ಲಿದ್ದ ನರ್ಸು ಮೂವರಿಗೂ ಪಟ್ಟಿ ಕಟ್ಟಲು ಬಂದಳು. ಸೊಸೆಯ ತೋಳಿಗೆ ಹೊಲಿಗೆ, ಅತ್ತೆಯ ಎರಡು ಬೆರಳಿಗೆ ಕಡ್ಡಿ, ಸಾಣೆಯವನ ಪಾದಕ್ಕೆ ಮಂಜುಗಡ್ಡೆ.

“ಏನಾಯ್ತು ಇಲ್ಲಿ?”

“ಸಾಣೆಕಲ್ಲು ಬಿತ್ತು,” ಎಂದಳು ಅತ್ತೆ.

“ಮೂವರ ಮೇಲೂ?”

“ದೊಡ್ಡ ಕಲ್ಲು.”

ನರ್ಸು ತೋಳಿನ ಗಾಯ ನೋಡಿದಳು, ನೆಲ ನೋಡಿದಳು. “ಅಜ್ಜಿ, ಕಲ್ಲು ಹೀಗೆ ಕೊಯ್ಯಲ್ಲ.”

“ನಮ್ಮ ಕಲ್ಲಿಗೆ ಬಾಯಿ ಇದೆಯಮ್ಮ. ನೀನು ಹೊಲಿ.”

ನರ್ಸು ಹೋದ ಮೇಲೆ ಸೊಸೆ ಅತ್ತೆಯ ಮುಂದೆ ಕೂತು ಅವಳ ಕೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. ಆ ಕೈ ಅವಳ ಬಾಣಂತನ ಆಗದ ಬಾಣಂತನಕ್ಕೆ ನೀರು ಕಾಯಿಸಿದ ಕೈ.

“ಅಳ್ಬೇಡ. ಬೇಕೂಂತ ಮಾಡಿದ್ದಲ್ಲ ಇದು.”

“ಇದು ಬೇಕೂಂತ ಅಲ್ಲ ಅತ್ತೆ. ಅವರ ಬೆರಳು ತುಳಿದದ್ದು ಬೇಕೂಂತ್ಲೇ.”

“ಗೊತ್ತು. ಚಹಾ ಲೋಟದ ದಿನಾನೇ ಗೊತ್ತಾಯ್ತು ನನಗೆ.” ಮುದುಕಿ ಉಸಿರು ಬಿಟ್ಟಳು. “ಇವನಪ್ಪನೂ ಮೊದಲು ಯಾವುದೋ ಒಂದು ಕಾರಣಕ್ಕೇ ಒದ್ದದ್ದು. ಆಮೇಲೆ ಕಾರಣ ಎಲ್ಲಿ ಬೇಕಿತ್ತು ಅವನಿಗೆ?”

ಸೊಸೆ ನೆಲದ ಮೇಲೆ ಬಿದ್ದಿದ್ದ, ಅಂಟಿಸಿದ ಲಕೋಟೆ ಎತ್ತಿಕೊಂಡಳು. ಅದರ ಮೇಲೆ ರಕ್ತದ ಕಲೆಯಾಗಿತ್ತು. ಹರಿದು, ಒಳಗಿನ ಹಾಳೆ ತೆಗೆದು ಓದಿದಳು. ಮೇಜಿನ ಮೇಲಿನ ಕಬ್ಬಿಣದ ಪುಡಿ ಒರೆಸಿ, ಇನ್ನೊಂದು ಹಾಳೆಯಲ್ಲಿ ಹೊಸದಾಗಿ ಬರೆಯಲು ಕೂತಳು. ಗಾಯವಾದದ್ದು ಎಡತೋಳಾದ್ದರಿಂದ ಬರವಣಿಗೆಗೆ ತೊಂದರೆಯಿರಲಿಲ್ಲ. ರೋಗಿ ಒಪ್ಪಿದ್ದಾನೆ. ಬೆಸೆಯುವುದು ಬೇಡ, ಬಾಗುವ ಕೀಲನ್ನೇ ಹಾಕಬೇಕು. ಬೆರಳಿಗೆ ಈಚೆಗೆ ಹೊಸ ಪೆಟ್ಟು ಬಿದ್ದಿದೆ, ತುಳಿದದ್ದು ನಾನು. ಇನ್ನೊಂದು ಎಕ್ಸ್‌ರೇ ತೆಗೆಯಬೇಕು. ನೋಡಿಕೊಳ್ಳುವವರು ಎಂಬಲ್ಲಿಗೆ ಬಂದಾಗ ಮೊದಲಿನ ಕಾಗದದಲ್ಲಿ ‘ಹೆಂಡತಿ’ ಎಂದಿತ್ತು. ಪೆನ್ನು ನಿಂತಿತು.

“ಏನು ಬರೀತಿದ್ದೀಯೇ?” ಅತ್ತೆ ಕೇಳಿದಳು.

“ನೋಡ್ಕೊಳ್ಳೋರು ಯಾರು ಅಂತ ಕೇಳಿದ್ದಾರೆ. ನಾನಿರಲ್ಲ ಅತ್ತೆ. ಇದ್ರೆ ಮತ್ತೆ ತುಳೀತೀನಿ. ಇಲ್ಲ ಅವರು ಒದೀತಾರೆ.”

“ಎಲ್ಲಿಗೆ ಹೋಗ್ತೀಯ?”

“ದರ್ಜಿಗಳ ಬೀದಿಗೆ. ಕತ್ತರಿ ಇದ್ದ ಕಡೆ ಸಾಣೆ ಬೇಕೇ ಬೇಕು. ನೀವೂ ಬನ್ನಿ.”

ಮುದುಕಿ ಒಳಕೋಣೆಯ ಬಾಗಿಲ ಕಡೆ ನೋಡಿದಳು. ನರಳುವ ಸದ್ದು ಬರುತ್ತಿತ್ತು. “ನಾನು ಹೆತ್ತ ಕಾಲು ಅದು. ಅವನು ಯಾರನ್ನ ಒದ್ರೂ ನನ್ನನ್ನ ಒದ್ದೋನಲ್ಲ. ‘ತಾಯಿ’ ಅಂತ ಬರಿ. ಒಂದು ಕೈಯಲ್ಲಿ ಆದಷ್ಟು ನೋಡ್ತೀನಿ. ಅವನು ನಡೆಯೋ ಹಾಗಾದ್ಮೇಲೆ, ನಿನ್ನ ಹೊಸ ಅಂಗಡೀಲಿ ಚಿಂದಿ ಹರಿಯೋಕೆ ಜನ ಬೇಕಾದ್ರೆ ಹೇಳಿ ಕಳ್ಸು.”

ಅವಳು ‘ತಾಯಿ’ ಎಂದು ಬರೆದಳು. ಹೊಸ ಲಕೋಟೆಗೆ ಹಾಕಿ ಅಂಟಿಸಿದಳು. ಬಟ್ಟೆಗಳನ್ನೂ ಸಣ್ಣ ಕೈಸಾಣೆಯನ್ನೂ ಚೀಲಕ್ಕೆ ತುಂಬಿಕೊಂಡು ಒಳಕೋಣೆಯ ಬಾಗಿಲಲ್ಲಿ ನಿಂತಳು. ಅವನ ಪಾದ ದಿಂಬಿನ ಮೇಲೆ, ಪಟ್ಟಿಯೊಳಗೆ, ಊದಿಕೊಂಡು ಬಿದ್ದಿತ್ತು.

“ಕಾಗದ ಹಾಕ್ತೀಯಾ ಈಗಲಾದ್ರೂ?”

“ಹಾಕ್ತೀನಿ. ಬಾಗೋ ಕೀಲನ್ನೇ ಬರ್ದಿದ್ದೀನಿ.” ಅವಳು ಜೀವಮಾನದಲ್ಲಿ ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದಳು. “ನಿನ್ನ ಕಾಲು ನಿನಗಿರ್ಲಿ.”

“ಬಾಗೋ ಹಾಗಾಗ್ಲಿ ತಾಳು. ನೀನು ಎಲ್ಲೇ ಇರು, ಹುಡುಕ್ಕೊಂಡು ಬಂದು ಒದೀದೇ ಇದ್ರೆ ಕೇಳು.”

ದಿಂಬು ಅವಳಿಂದ ಒಂದು ಹೆಜ್ಜೆಯಷ್ಟೇ ದೂರವಿತ್ತು. ಅವಳ ಹಿಮ್ಮಡಿ ಮೇಲೆದ್ದಿತು. ಅದು ಎದ್ದದ್ದು ಅವಳಿಗೂ ಕಂಡಿತು, ಅವನಿಗೂ ಕಂಡಿತು; ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವಳು ಹಲ್ಲು ಕಚ್ಚಿ ಆ ಹಿಮ್ಮಡಿಯನ್ನು ಇಳಿಸಿ ನೆಲಕ್ಕೆ ಊರಿದಳು. ಊರಿ, ಸ್ವಲ್ಪ ಹೊತ್ತು ಹಾಗೇ ನಿಂತು, ತಿರುಗಿ ನಡೆದಳು.

ಅಂಚೆಕಚೇರಿಯಲ್ಲಿ ಜನವಿರಲಿಲ್ಲ. ಗುಮಾಸ್ತ ಲಕೋಟೆಯನ್ನು ತೂಗಿ, ಸ್ಟ್ಯಾಂಪು ಹರಿದು ಕೊಟ್ಟು, ಅವಳ ತೋಳಿನ ಪಟ್ಟಿಯ ಕಡೆ ಒಮ್ಮೆ ನೋಡಿದ.

“ಅರ್ಜೆಂಟಾ ಅಮ್ಮ?”

“ತುಂಬಾ ತಡ ಆಗಿದೆ,” ಎಂದಳು. “ಇವತ್ತೇ ಹೋಗ್ಲಿ.”

ಸ್ಟ್ಯಾಂಪು ಅಂಟಿಸಿ ಅವನ ಕೈಗೇ ಕೊಟ್ಟಳು. ಅವನು ಅದರ ಮೇಲೆ ಮುದ್ರೆ ಒತ್ತಿ ಹಿಂದಿದ್ದ ಚೀಲಕ್ಕೆ ಎಸೆದ.